ಇಪ್ಪತ್ಮೂರು ಹಾಳೆ, ಏಳು ಹುಳು

ಮಗಳ ಮೇಜಿನ ಮೇಲಿದ್ದ ಹಾಳೆಗಳನ್ನು ಸುನಂದ ಎರಡು ಪಾಲು ಮಾಡಿದ್ದು ಸುಮ್ಮನೆ ಅಲ್ಲ, ನಿಂತು ಯೋಚಿಸಿಯೇ. ಅವಳಿಗೆ ಇಂಗ್ಲಿಷ್ ಬಾರದು. ಆದರೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ತಿಳಿಯಲು ಇಂಗ್ಲಿಷ್ ಯಾಕೆ ಬೇಕು? ಮುತ್ತು ಪೋಣಿಸಿದ ಹಾಗೆ ಬರೆದಿದ್ದವನ್ನು ಒಪ್ಪವಾಗಿ ಜೋಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ದೇವರ ಗೂಡಿನಲ್ಲಿಟ್ಟಳು. ಗೀಚಿ, ಹೊಡೆದು ಹಾಕಿ, ಬಾಣ ಎಳೆದು, ಅಂಚಿಗೆಲ್ಲ ಇರುವೆ ಸಾಲಿನ ಹಾಗೆ ಅಕ್ಷರ ತುರುಕಿದ್ದ ಇಪ್ಪತ್ಮೂರು ಹಾಳೆಗಳನ್ನು ಹುಳುಮನೆಗೆ ಒಯ್ದಳು. ಅವತ್ತು ರೇಷ್ಮೆಹುಳುಗಳ ಹಾಸು ಬದಲಾಯಿಸುವ ದಿನ. ಹಳೇ ಪೇಪರು ಮೇಲಿನ ಅಟ್ಟಣೆಗೆ ಸಾಲದೆ ಹೋಗಿತ್ತು. ಗೀಚಿದ ಹಾಳೆ ಹಾಸಿದಳು, ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿದಳು, ಹುಳು ಬಿಟ್ಟಳು. ಒಂದು ಕಾಗದವೂ ದಂಡವಾಗಲಿಲ್ಲವೆಂದು ಹಿಗ್ಗಿಕೊಂಡು ಕೈ ತೊಳೆದಳು.

ಅದು ಸೋಮವಾರ. ಮಂಗಳವಾರ ಬೆಳಿಗ್ಗೆ ಹುಳುಗಳೆಲ್ಲ ಜ್ವರಕ್ಕೆ ಕೂತವು. ರೇಷ್ಮೆಹುಳು ಪೊರೆ ಕಳಚುವ ಮೊದಲು ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನಕ್ಕೂ ಹೆಚ್ಚು ಹೊತ್ತು ಮಿಸುಕದೆ ಕೂರುತ್ತದಲ್ಲ, ಅದಕ್ಕೆ ಜ್ವರ ಎನ್ನುತ್ತಾರೆ. ಇದು ನಾಲ್ಕನೆಯದು, ಕೊನೆಯದು. ಆಗ ಹುಳುವನ್ನು ಮುಟ್ಟಬಾರದು, ಅಲುಗಿಸಬಾರದು. ಅತ್ತೆ ಆದಿಲಕ್ಷ್ಮಮ್ಮನ ಕಾನೂನಿನಲ್ಲಂತೂ ಹುಳುಮನೆಯೊಳಗೆ ಸೀನಲೂಬಾರದು.

ಮಂಗಳವಾರ ಸಂಜೆ ಮೌನಿಕಾ ಹುಡುಕಲು ಶುರುಮಾಡಿದಳು.

"ಅಮ್ಮ, ಇಲ್ಲಿದ್ದ ಹಾಳೆ?"

"ದೇವ್ರ ಗೂಡಲ್ಲಿ ಇಟ್ಟಿದ್ದೀನಿ ಕಣೇ, ಧೂಳು ಕೂರುತ್ತೆ ಅಂತ."

"ಅವಲ್ಲಮ್ಮ. ಗೀಚಿರೋವು."

"ಓ ಅವಾ? ಹುಳುಮನೇಲಿವೆ."

"ಹುಳುಮನೇಲಿ ಎಲ್ಲಿ?"

"ಹುಳದ ಕೆಳಗೆ."

ಮೌನಿಕಾ ಇದ್ದಲ್ಲೇ ನೆಲಕ್ಕೆ ಕುಕ್ಕರಿಸಿದಳು. ಅವಳು ಮಾಲೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಕಥೆ ಬರೆಯುವುದೇ ಅಲ್ಲಿ ಒಂದು ಪೇಪರು. "ನಾಳೆ ಅವನ್ನೇ ಕೊಡ್ಬೇಕಮ್ಮಾ! ಎಲ್ರೂ ಫೋನಿಗೆ ಹೇಳಿ ಕಥೆ ಬರೆಸ್ಕೊಂಡ್ ಬರ್ತಾರೆ ಅಂತ ಮೇಡಂ ಹೊಸಾ ರೂಲ್ಸ್ ಮಾಡಿದಾರೆ. ನೀಟಾಗಿರೋದಕ್ಕೆ ಹತ್ತೇ ಮಾರ್ಕ್ಸು. ಗೀಚಿರೋದಕ್ಕೆ ನಲವತ್ತು. ಅದಿಲ್ದಿದ್ರೆ ನಾನು ಫೇಲು!"

ಸುನಂದಳಿಗೆ ತಲೆ ಗಿರ್ರೆಂದಿತು. "ಹೊಡೆದು ಹಾಕಿದ್ದಕ್ಕೆ ಮಾರ್ಕ್ಸಾ? ಇದ್ಯಾವ ಸೀಮೆ ಓದೇ?"

ಹಾಗೆ ಕೇಳಿದಳೇ ಹೊರತು ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಕಥೆ ಓದುವುದಕ್ಕೂ ಒಂದು ಡಿಗ್ರಿಯಾ ಎಂದು ಗಂಡ ಚನ್ನರಾಯಪ್ಪ ಮೂರು ದಿನ ಗೊಣಗಿದಾಗ, ಇಷ್ಟಪಟ್ಟದ್ದನ್ನೇ ಓದಲಿ ಬಿಡಿ ಎಂದು ಹಟ ಹಿಡಿದವಳು ಅವಳೇ. ಈಗ ಮಗಳನ್ನು ಫೇಲು ಮಾಡಿಸುವವಳೂ ಅವಳೇ ಆದರೆ?

ಇಬ್ಬರೂ ಹುಳುಮನೆಗೆ ಓಡಿದರು. ಬಾಗಿಲಿಗೆ ಅಡ್ಡಲಾಗಿ ಆದಿಲಕ್ಷ್ಮಮ್ಮ ಮಣೆ ಹಾಕಿಕೊಂಡು ಕೂತಿದ್ದಳು.

"ಏಮಮ್ಮಾ, ಯಾರ ಮನೆ ಬೆಂಕಿ ಆರಿಸೋಕೆ ಹೊರಟ್ರಿ?" ಎಂದಳು, ಎಂದಿನಂತೆ ಕನ್ನಡಕ್ಕೆ ತೆಲುಗು ಬೆರೆಸಿ.

ಮೌನಿಕಾ ಹೇಳಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡು, ಸೆರಗು ಕೊಡವಿ, ಮತ್ತೆ ಮಣೆಯ ಮೇಲೆಯೇ ಭದ್ರವಾದಳು. "ನಿನ್ ಪರೀಕ್ಷೆ ಮತ್ತೆ ಬರುತ್ತೆ ತಲ್ಲಿ. ಅವುಕ್ಕೆ ಇದೇ ಪರೀಕ್ಷೆ. ಈಗ ಕಿತ್ರೆ ಪೊರೆ ಬಿಡದೆ ಸಾಯ್ತವೆ. ನಾಳೆ ಮಧ್ಯಾಹ್ನ ಎದ್ದ ಮೇಲೆ ತಗೊ."

"ನಾಳೆ ಹನ್ನೊಂದು ಗಂಟೆಗೇ ಕೊಡ್ಬೇಕು ಅಜ್ಜಿ!"

"ಹಂಗಂತ ಹುಳಕ್ಕೆ ಹೇಳು."

ಉಳಿದದ್ದು ಒಂದೇ ದಾರಿ. ಮೌನಿಕಾ ಶೋಭಾರಾಣಿ ಮೇಡಂಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆರಂಭ ಇಂಗ್ಲಿಷಿನಲ್ಲಿತ್ತು. ಅರ್ಧ ದಾರಿಗೆ ಬಂದಾಗ ಇಂಗ್ಲಿಷ್ ಕೈಕೊಟ್ಟಿತು. "ಮೇಡಂ, ನನ್ ಕರಡು ಹುಳದ ಕೆಳಗಿದೆ ಮೇಡಂ. ಹುಳು ಜ್ವರಕ್ಕೆ ಕೂತಿವೆ."

ಆ ಕಡೆ ಪೆನ್ನಿನ ಕ್ಯಾಪು ಮುಚ್ಚಿದ ಸದ್ದು.

"ಬಸ್ಸಲ್ಲಿ ಬಿಟ್ಟೆ ಅಂದೋರ್ನ ನೋಡಿದ್ದೀನಿ," ಎಂದರು ಮೇಡಂ. "ತಮ್ಮ ಹರಿದುಬಿಟ್ಟ ಅಂದೋರ್ನೂ ನೋಡಿದ್ದೀನಿ." ಆಮೇಲೆ ದನಿಯೇ ಬೇರೆಯಾಯಿತು. "ಎಷ್ಟನೇ ಜ್ವರ?"

"ನಾಲ್ಕನೇದು ಮೇಡಂ."

"ಯಾವಾಗ ಕೂತವು? ಹಾಸು ಒಣಗೋಕೆ ಸುಣ್ಣದ ಪುಡಿ ಉದುರಿಸಿದ್ರಾ?"

ಆದಿಲಕ್ಷ್ಮಮ್ಮ ಮಣೆಯಿಂದ ಎದ್ದೇಬಿಟ್ಟಳು. "ಯಾವೂರಮ್ಮಾ ನಿಂದು?"

ಶ್ರೀನಿವಾಸಪುರದ ಕಡೆಯವರಂತೆ. ತಾವು ಬಿ.ಎ. ಓದಿದ್ದು ಹುಳುಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡಂತೆ. ಐದು ನಿಮಿಷ ಅಜ್ಜಿಯೂ ಮೇಡಮ್ಮೂ ತೆಲುಗಿನಲ್ಲಿ ಸೊಪ್ಪಿನ ವಿಚಾರ ಮಾತಾಡಿಕೊಂಡರು. ಕೊನೆಗೆ ಮೇಡಂ ಹೇಳಿದರು: "ಮೌನಿಕಾ, ನಾಳೆ ನಾಲ್ಕಕ್ಕೆ ಮಾರ್ಕ್ಸ್ ಹಾಕೋ ವೆಬ್‌ಸೈಟ್ ಮುಚ್ಚುತ್ತೆ. ಅದು ನನ್ ಕೈಲಿಲ್ಲ. ಅಷ್ಟರೊಳಗೆ ಹಾಳೆ ನನ್ ಮೇಜಿನ ಮೇಲಿರ್ಬೇಕು. ಹುಳಾನ ಎಬ್ಬಿಸ್ಬೇಡ."

ಬುಧವಾರ ಬೆಳಗಿನಿಂದ ಆ ಮನೆಯಲ್ಲಿ ಮುದ್ದೆಗೂ ಗತಿಯಿಲ್ಲ, ಸಾರಿಗೂ ಗತಿಯಿಲ್ಲ. ಸುನಂದ ಒಲೆಯ ಮೇಲೆ ಎಸರಿಟ್ಟು ಹುಳುಮನೆಗೆ ಇಣುಕುವಳು, ಹಸುವಿಗೆ ಹುಲ್ಲು ಹಾಕಿ ಇಣುಕುವಳು, ಒಗೆದ ಬಟ್ಟೆಯನ್ನು ಒಣಗಿಸಲು ಹೋಗಿ ಬಕೆಟ್ಟಿನ ಸಮೇತ ಬಂದು ಇಣುಕುವಳು. ಸಾವಿರಾರು ಹುಳು, ಎಲ್ಲವೂ ತಲೆ ಎತ್ತಿಕೊಂಡು, ಏನೋ ದೊಡ್ಡ ವಿಷಯ ಯೋಚಿಸುತ್ತಿರುವ ಮೇಷ್ಟರುಗಳ ಹಾಗೆ ಕೂತಿದ್ದವು. ಹನ್ನೊಂದಕ್ಕೆ ಒಂದು ಹುಳು ಸೊಂಟ ಅಲುಗಿಸಿತು. ಮೌನಿಕಾ ಕಿರುಚಿದಳು. ಅಜ್ಜಿ ಅವಳ ಬಾಯಿ ಮುಚ್ಚಿದಳು. ಹನ್ನೆರಡೂವರೆಗೆ ಅಟ್ಟಣೆಯ ತುಂಬ ಹರಿದಾಟ. ಆದರೂ ಮುದುಕಿ ಜಪ್ಪಯ್ಯ ಎನ್ನಲಿಲ್ಲ. ಅರ್ಧ ಎದ್ದಾಗ ಮೇವು ಹಾಕಿದರೆ ಹುಳು ಒಂದು ದೊಡ್ಡದು ಒಂದು ಚಿಕ್ಕದು ಆಗುತ್ತವೆ, ಗೂಡೂ ಹಾಗೇ ಆಗುತ್ತದೆ ಎಂದು ಕೈ ಕಟ್ಟಿಕೊಂಡೇ ನಿಂತಳು. ಒಂದೂವರೆಗೆ ಬಾಯಿ ಬಿಟ್ಟಳು.

"ಹೂಂ. ಬಲೆ ಹಾಸಿ."

ಬಲೆ ಹಾಸಿ ಮೇಲೆ ಸೊಪ್ಪು ಚೆಲ್ಲಿದ್ದೇ ತಡ, ಹಸಿದ ಹುಳುಗಳು ಸರಸರನೆ ಮೇಲೇರಿದವು. ಆ ಕಡೆ ಈ ಕಡೆ ಹಿಡಿದು ಬಲೆ ಎತ್ತಿದರು. ಕೆಳಗೆ ಒಣಕಡ್ಡಿ, ಹಿಕ್ಕೆ, ಸುಣ್ಣ, ಪೊರೆ, ಅದರಡಿಯಲ್ಲಿ ಮೌನಿಕಾಳ ಡಿಗ್ರಿ. ಒಂದೊಂದೇ ಹಾಳೆ ಕೊಡವಿ ಎಣಿಸಿದರು. ಇಪ್ಪತ್ತೆರಡು ಕೈಗೆ ಬಂದವು. ಇಪ್ಪತ್ಮೂರನೆಯದರ ಮೇಲೆ, ಕಥೆಯ ಕೊನೆಯ ಪುಟವದು, ಏಳು ಹುಳು ಇನ್ನೂ ತಲೆ ಎತ್ತಿಕೊಂಡೇ ಕೂತಿದ್ದವು.

ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ.

ಸುನಂದ ಅತ್ತೆಯ ಮುಖ ನೋಡಿದಳು. ಮೌನಿಕಾ ನೆಲ ನೋಡಿದಳು. "ಏಳೇ ಅಲ್ವಾ ಅಜ್ಜಿ," ಎಂದು ಮೆಲ್ಲಗೆ ಅಂದಳು, ಅವಳಿಗೇ ಅದು ಸರಿಕಾಣಲಿಲ್ಲ.

"ಏಳಾದ್ರೇನು, ಅವು ಹುಳ ಅಲ್ವಾ?" ಎಂದ ಆದಿಲಕ್ಷ್ಮಮ್ಮ ಒಳಗೆ ಹೋಗಿ ಗೋಡೆಗೆ ನೇತು ಹಾಕಿದ್ದ ಹೊಸ ಮೊರ ತಂದಳು. "ಅವನ್ನೂ ಕಾಲೇಜಿಗೆ ಕರ್ಕೊಂಡ್ ಹೋಗ್ರಿ."

ಹಾಳೆಯನ್ನು ಹುಳು ಸಮೇತ ಮೊರದಲ್ಲಿಟ್ಟು, ಮೇಲೆ ಹಳೆಯ ವಾಯಿಲ್ ಸೀರೆಯ ತುಂಡು ಹೊದಿಸಿ, ಉಳಿದ ಹಾಳೆಗಳನ್ನೂ ದೇವರ ಗೂಡಿನ ಕವರನ್ನೂ ಒಂದು ಹಿಡಿ ಸೊಪ್ಪನ್ನೂ ಬ್ಯಾಗಿಗೆ ತುರುಕಿಕೊಂಡು ತಾಯಿ ಮಗಳು ರಸ್ತೆಗೆ ಓಡಿದರು. ಬಸ್ಸಿನಲ್ಲಿ ಸುನಂದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಹಸುಗೂಸನ್ನು ಹಿಡಿದವಳ ಹಾಗೆ, ಪ್ರತಿ ಹಳ್ಳಕ್ಕೂ ತಾನೇ ಒಂದು ಗೇಣು ಮೇಲಕ್ಕೆದ್ದು ಕೂರುತ್ತಿದ್ದಳು.

ಕಂಡಕ್ಟರ್ ಕದಿರೇಶ್ ಬಂದ. "ಏನಕ್ಕಾ, ಗೌರಿ ಹಬ್ಬ ಇನ್ನೂ ಮೂರು ತಿಂಗಳಿದೆ. ಈಗ್ಲೇ ಬಾಗಿನ ಹೊತ್ಕೊಂಡ್ ಹೊರಟ್ರಾ?"

"ಬಾಗಿನ ಅಲ್ಲಪ್ಪ, ಪರೀಕ್ಷೆ."

ಬಟ್ಟೆ ಎತ್ತಿ ನೋಡಿದ ಅವನ ಹುಬ್ಬು ಟೋಪಿಯೊಳಕ್ಕೆ ಹೋಯಿತು. "ಇದ್ರಲ್ಲಿ ಹೆಣ್ಣೆಷ್ಟು, ಗಂಡೆಷ್ಟು? ಹೆಣ್ಣಿಗೆ ಫ್ರೀ. ಗಂಡಿಗೆ ಟಿಕೆಟ್ ಹರೀಬೇಕು."

"ಗೂಡು ಕಟ್ಟೋವರೆಗೂ ಗೊತ್ತಾಗಲ್ಲಪ್ಪ. ಆಮೇಲೆ ಮನೆಗ್ ಬಂದು ವಸೂಲ್ ಮಾಡ್ಕೊ."

ಬಸ್ಸಿಗೆ ಬಸ್ಸೇ ನಕ್ಕಿತು. ಮೌನಿಕಾಳಿಗೂ ನಗು ಬಂದು, ಅಳುವೂ ಬಂದು, ಬಿಕ್ಕಳಿಕೆ ಹತ್ತಿಕೊಂಡಿತು. ಮಾಲೂರು ಬಂದರೂ ಅದು ನಿಲ್ಲಲಿಲ್ಲ.

ಮೂರೂ ಮೂವತ್ತೈದಕ್ಕೆ ಮೊರ ಇಂಗ್ಲಿಷ್ ವಿಭಾಗದ ಮೇಜಿನ ಮೇಲಿತ್ತು. ಶೋಭಾರಾಣಿ ಮೇಡಂ ಕನ್ನಡಕ ಏರಿಸಿಕೊಂಡು ಇಪ್ಪತ್ತೆರಡು ಹಾಳೆಗಳನ್ನು ಓದಿದರು. ಸುಣ್ಣದ ಪುಡಿ ಅವರ ಸೀರೆಗೆಲ್ಲ ಉದುರಿತು. ಅವರು ಕೊಡವಿಕೊಳ್ಳಲಿಲ್ಲ. ಆಮೇಲೆ ಮೊರದ ಮೇಲೆ ಬಗ್ಗಿದರು.

"ಇಲ್ಲಿ ಕೊನೇ ಸಾಲನ್ನ ಐದು ಸಲ ಬರೆದು ಹೊಡೆದು ಹಾಕಿದ್ದಾಳೆ ನಿಮ್ಮ ಮಗಳು," ಎಂದು ಸುನಂದಳಿಗೆ ಕನ್ನಡದಲ್ಲಿ ಹೇಳಿದರು. "'ಅಮ್ಮ ನಾನು ಬರೆದದ್ದನ್ನು ಓದಲಾರಳು' ಅಂತಿದೆ, ಹೊಡೆದಿದ್ದಾಳೆ. 'ಅಮ್ಮ ಊಟ ಆಯ್ತಾ ಎಂದಷ್ಟೇ ಕೇಳುತ್ತಾಳೆ,' ಅದೂ ಹೊಡೆದಿದ್ದಾಳೆ. ಇನ್ನೆರಡು ಕಾಣುತ್ತೆ. ಐದನೇದರ ಮೇಲೆ ಇವನು ಮಲಗಿದಾನೆ."

ಕಥೆ ತನ್ನ ಕುರಿತೇ ಎಂದು ಸುನಂದಳಿಗೆ ಗೊತ್ತಾದದ್ದು ಆಗ. ಮಗಳ ಕಡೆ ತಿರುಗಿದಳು. ಮಗಳು ಕಿಟಕಿಯ ಕಡೆ ತಿರುಗಿದಳು.

"ಪೂರ್ತಿ ಓದದೆ ಮಾರ್ಕ್ಸ್ ಹಾಕಲ್ಲ ನಾನು," ಎಂದರು ಮೇಡಂ. ಗೋಡೆಯ ಗಡಿಯಾರ ಮೂರೂ ಐವತ್ತು ತೋರಿಸುತ್ತಿತ್ತು.

ಆ ಹೊತ್ತಿಗೆ ಎರಡು ಹುಳು ಎದ್ದು ಹರಿದಾಡುತ್ತಿದ್ದವು. ಮೂರನೆಯದು. ನಾಲ್ಕನೆಯದು. ಪಕ್ಕದ ವಿಭಾಗದವರೂ ಬಂದು ಮೊರದ ಸುತ್ತ ಉಸಿರು ಬಿಗಿಹಿಡಿದು ನಿಂತರು. ಐದನೇ ಸಾಲಿನ ಮೇಲಿನವನು ಪೊರೆ ಕಳಚಿದ್ದ, ಜಾಗ ಮಾತ್ರ ಬಿಡಲೊಲ್ಲ. ಸುನಂದ ಬ್ಯಾಗಿನಿಂದ ಒಂದು ಎಲೆ ತೆಗೆದು, ಸೆರಗಿನಲ್ಲಿ ಒರೆಸಿ, ಅವನ ಮೂತಿಯಿಂದ ಎರಡು ಬೆರಳು ಆಚೆ ಇಟ್ಟಳು. "ಬಾರಪ್ಪ ಕಂದ, ಬಾ," ಎಂದಳು. ಮೌನಿಕಾಳಿಗೆ ತುತ್ತು ತಿನ್ನಿಸುತ್ತಿದ್ದ ಕಾಲದ ದನಿ ಅದು. ಹುಳು ತಲೆ ಹೊರಳಿಸಿತು. ಯೋಚಿಸಿತು. ಹೊರಟಿತು.

ಮೇಡಂ ಓದಿದರು. ಮುಖ ಕೆಂಪಾಯಿತು, ಭುಜ ಕುಲುಕಿತು. "'ನಮ್ಮಮ್ಮ ಒಂದು ಹಾಳೆಯನ್ನೂ ದಂಡ ಮಾಡುವವಳಲ್ಲ,'" ಎಂದು ಹೇಗೋ ಕನ್ನಡ ಮಾಡಿ, ಮೇಜಿಗೆ ಹಣೆ ಒತ್ತಿ ನಕ್ಕರು. "ಇದನ್ಯಾಕೇ ಹೊಡೆದು ಹಾಕಿದೆ?"

"ಯಾರೂ ನಂಬಲ್ಲ ಅನ್ನಿಸ್ತು ಮೇಡಂ," ಎಂದಳು ಮೌನಿಕಾ. ಬಿಕ್ಕಳಿಕೆ ನಿಂತಿತ್ತು.

ಮೂರೂ ಐವತ್ತೇಳಕ್ಕೆ ವೆಬ್‌ಸೈಟಿಗೆ ಮಾರ್ಕ್ಸ್ ಏರಿತು. ಎಷ್ಟೆಂದು ಮೇಡಂ ಹೇಳಲಿಲ್ಲ, ಆದರೆ ಸುನಂದಳ ಎರಡೂ ಕೈ ಹಿಡಿದು ಒಮ್ಮೆ ಅದುಮಿದರು. ಹಾಳೆಗಳು ಕಾಲೇಜಿನ ಫೈಲಿಗೆ ಸೇರಬೇಕು. ಆರು ಹುಳು ಎದ್ದಿದ್ದವು, ಏಳನೆಯದು ಮಾತ್ರ ಇನ್ನೂ ಜ್ವರದಲ್ಲೇ ಇತ್ತು. ಹಾಗಾಗಿ ಕೊನೆಯ ಪುಟ ಮೊರದ ಸಮೇತ ಮೇಡಂ ಬೀರುವಿನ ಮೇಲೆ ಒಂದು ರಾತ್ರಿ ಇರುವುದೆಂದು ತೀರ್ಮಾನವಾಯಿತು. ಸುನಂದ ಉಳಿದ ಸೊಪ್ಪನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು, ಇರುವೆ ಹತ್ತದಂತೆ ನೋಡಿಕೊಳ್ಳಲು ಹೇಳಿದಳು. ಬಾಗಿಲ ತನಕ ಹೋದವಳು ಏನೋ ನೆನಪಾಗಿ ತಿರುಗಿ ಬಂದಳು.

"ಮೇಡಂ, ಮೊರ ಮಾತ್ರ ಜೋಪಾನ. ಗೌರಿ ಹಬ್ಬಕ್ಕೆ ಬೇಕು."