ಪಾಟೀಲರ ಕೈಯ ಕರಿಬಳೆ

ಸೂಜಿ ಎಂದರೆ ಯಾರಿಗೆ ಇಷ್ಟ, ಹೇಳಿ? ಕಲ್ಯಾಣದ ಬಳೆಗಾರ್ತಿ ವಜೀರಬಿಗಂತೂ ಅದರ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ೧೯೫೦ರ ಮಳೆಗಾಲ. ಮಗ ಶಂಶುದ್ದೀನನ ಜೊತೆ ಹಜ್ಜಿಗೆ ಹೊರಟಿದ್ದಳು. ಗಂಡ ಜಲಾಲುದ್ದೀನನೂ ಅವಳೂ ಕೂಡಿ ಕಂಡ ಕನಸು ಅದು. ಅವನು ಹಿಂದಿನ ವರ್ಷವೇ ಕಣ್ಣು ಮುಚ್ಚಿದ್ದ. ಅಲ್ಲಿ ಅವನ ಹೆಸರಿನಲ್ಲಿ ದುವಾ ಮಾಡಬೇಕೆಂಬುದೊಂದೇ ಅವಳ ಆಸೆ.

ಹುಮನಾಬಾದಿನ ದವಾಖಾನೆಯಲ್ಲಿ ನರ್ಸ್ ಯಶೋದಾಬಾಯಿ ಅಡ್ಡ ನಿಂತಳು. ಕಾಲರಾ ಸೂಜಿ, ಸಿಡುಬಿನ ಚುಚ್ಚು ಎರಡೂ ಆಗಬೇಕು, ಅದರ ಮೊಹರು ಹೊತ್ತ ಚೀಟಿ ಇಲ್ಲದಿದ್ದರೆ ಮುಂಬಯಿಯಲ್ಲಿ ಹಡಗು ಹತ್ತಿಸುವುದಿಲ್ಲ ಎಂದಳು. ಮಗ ತಕರಾರಿಲ್ಲದೆ ತೋಳು ಒಡ್ಡಿದ. ವಜೀರಬಿ ಸೆರಗು ಬಿಗಿದು ಬಾಕಿನ ಮೇಲೆ ಕೂತಳು.

“ನಿಯತ್ತು ಸಾಫ್ ಇದ್ದವ್ರಿಗೆ ಸೂಜಿ ಯಾಕವ್ವ? ಇಲ್ಲಿ ನವಾಬರ ರಾಜ್ಯನೇ ಹೋತು, ಅವ್ರ ಮೊಹರೂ ಹೋತು. ನಿನ್ನ ಈ ಮೊಹರು ದರಿಯಾದಾಚಿ ದೇಶದಾಗ ಯಾರು ನಂಬ್ತಾರ?”

ಯಶೋದಾಬಾಯಿ ಸಿಟ್ಟಾಗಲಿಲ್ಲ. ಹಿಂದೆ ಹಡಗಿನ ಜೊತೆ ಕಾಲರಾವೂ ದೇಶದಿಂದ ದೇಶಕ್ಕೆ ಹೋಗುತ್ತಿತ್ತು, ಒಂದೊಂದು ದೇಶ ಒಂದೊಂದು ಕಾಯ್ದೆ ಹೇಳಿ ಬಂದರು ಮುಚ್ಚುತ್ತಿತ್ತು ಎಂದು ವಿವರಿಸಿದಳು. ಆಮೇಲೆ ದೇಶಗಳೇ ಕೂತು, ನಿನ್ನ ಮೊಹರು ನಾನು ನಂಬುತ್ತೇನೆ, ನನ್ನದು ನೀನು ನಂಬು ಎಂದು ಕರಾರು ಮಾಡಿಕೊಂಡವು. ಈಗ ಇಂಥ ಕೆಲಸ ನೋಡಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆಯೂ ಆಗಿದೆ, ನಮ್ಮ ದೇಶವೂ ಅದರಲ್ಲಿದೆ ಎಂದಳು.

“ಕರಾರು ಮುರಿದ್ರ ಕೇಳೋ ಪೋಲೀಸ ಎಲ್ಲಿದ್ದಾನ?” ಎಂದಳು ವಜೀರಬಿ. ಮಾತಿನಲ್ಲಿ ಅವಳನ್ನು ಸೋಲಿಸಿದವರು ಕಲ್ಯಾಣದಲ್ಲಿ ಇರಲಿಲ್ಲ.

ಅದೇ ಬಾಕಿನ ಇನ್ನೊಂದು ತುದಿಯಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದ ಮುದುಕ ನಕ್ಕ. ದುಬಲಗುಂಡಿಯ ಚನ್ನಬಸಪ್ಪ ಪಾಟೀಲ. “ವಜೀರಬಿ, ನನ್ನ ಕೈಗೆ ಬಳಿ ತೊಡಿಸಿದ್ದು ಮರ್ತೇನು? ಅವತ್ತು ಯಾವ ಪೋಲೀಸ ಇದ್ದ?”

ಮರೆಯುವುದುಂಟೇ? ವಜೀರಬಿ ಆಗ ಹೊಸ ಮದುವಣಗಿತ್ತಿ. ಕಲ್ಯಾಣಕ್ಕೆ ಪ್ಲೇಗು ಬಂದು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಸುತ್ತಲ ಊರುಗಳು ಸೀಮೆಗೆ ಜಾಲಿಮುಳ್ಳು ಬಡಿದಿದ್ದವು. ಅವಳ ತವರು ದುಬಲಗುಂಡಿಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ನೋಡಲು ಹೋದರೆ ಮುಳ್ಳಿನಾಚೆಯಿಂದ ಕಲ್ಲು ಬಂದವು, ಅಳುತ್ತ ತಿರುಗಿ ಬಂದಳು. ಕಲ್ಯಾಣದವರೂ ಕಡಿಮೆಯೇನಲ್ಲ, ಪ್ಲೇಗಿಲ್ಲದ ಚಿಟಗುಪ್ಪದವರೆಂದು ಸುಳ್ಳು ಹೇಳಿ ನುಸುಳುತ್ತಿದ್ದರು. ಊರು ಊರನ್ನು ನಂಬುತ್ತಿರಲಿಲ್ಲ.

ಕೊನೆಗೆ ಊರೂರ ಹಿರಿಯರು ಬೇವಿನ ಮರದಡಿ ಕೂತರು. ಗುಡಿಸಲಿನಲ್ಲಿ ಗೊತ್ತಾದಷ್ಟು ದಿನ ರೋಗವಿಲ್ಲದೆ ಕಳೆದು ಗಟ್ಟಿಯಾಗಿದ್ದವರಿಗೆ ಒಂದು ಕರಿಬಳೆ, ಅದನ್ನು ಕಂಡರೆ ಯಾವ ಊರೂ ತಡೆಯಬಾರದು ಎಂದು ಗೊತ್ತು ಮಾಡಿದರು. ತೊಡಿಸುವ ಕೆಲಸ ವಜೀರಬಿಯ ಮನೆಯದು. ಒಡೆಯದೆ ತೆಗೆಯುವಂತಿಲ್ಲ, ಎರವಲು ಕೊಡುವಂತಿಲ್ಲ, ಅಷ್ಟು ಬಿಗಿ. ಗಂಡಸರು ಮಾತ್ರ ಮುಖ ತಿರುವಿದರು. ಮೀಸೆ ಹೊತ್ತವರು ಬಳೆ ತೊಡುವುದೇ? ಸಂತೆಗೆ ಬಂದು ಕಲ್ಯಾಣದಲ್ಲೇ ಸಿಕ್ಕಿಬಿದ್ದಿದ್ದ ಚನ್ನಬಸಪ್ಪ ಎಲ್ಲರೆದುರು ತನ್ನ ದಪ್ಪ ಕೈ ಚಾಚಿದ. ಹೆಂಗಸರು ನಕ್ಕದ್ದೇ ನಕ್ಕದ್ದು. ಅವನ ಹಿಂದೆ ಸಾಲು ಬೆಳೆಯಿತು.

ಕರಿಬಳೆ ತೊಟ್ಟು ವಜೀರಬಿಯೂ ದುಬಲಗುಂಡಿಗೆ ಹೋದಳು. ಕಲ್ಲೆಸೆದವರೇ ಮುಳ್ಳು ಸರಿಸಿದರು. ತಾಯಿಯ ಕೊನೆಯ ದಿನಗಳಲ್ಲಿ ಬಾಯಿಗೆ ಗಂಜಿ ಹಾಕುವ ಪುಣ್ಯ ಅವಳಿಗೆ ಸಿಕ್ಕಿದ್ದು ಹಾಗೆ. ಈಗ ನೆನೆದು ಅವಳ ಕಣ್ಣು ತುಂಬಿತು.

“ನಾವು ಮಾತು ಮುರಿದಿದ್ರ ನಾಳೆ ನಮ್ಮವ್ರಿಗೇ ಮುಳ್ಳು ಬೀಳ್ತಿತ್ತು,” ಎಂದ ಚನ್ನಬಸಪ್ಪ. “ಆ ಅಂಜಿಕಿನೇ ಪೋಲೀಸ. ದೇಶ ದೇಶದ ಕರಾರಿನ ಹಣೇಬರಾನೂ ಅಷ್ಟೇ.”

ವಜೀರಬಿ ಮಗನ ಕೈಯಲ್ಲಿದ್ದ ಚೀಟಿಯ ಕಡೆ ನೋಡಿದಳು. “ಹಂಗಂದ್ರ ಇದು ಕರಿಬಳಿನೇ,” ಎಂದಳು ಮೆಲ್ಲಗೆ. ಎದ್ದು ಹೋಗಿ ಕೈ ಮುಂದೆ ಮಾಡಿದಳು. ಗಂಡ ಹೋದ ಮೇಲೆ ಆ ಕೈಯಲ್ಲಿ ಬಳೆ ಇರಲಿಲ್ಲ.

“ಕೈ ಸಡ್ಲ ಬಿಡ್ರಿ, ನೋಯೂದಿಲ್ಲ,” ಎಂದಳು ಯಶೋದಾಬಾಯಿ.

ವಜೀರಬಿಗೆ ನಗು ಬಂತು. ಬಳೆ ತೊಡಿಸುವಾಗ ಜೀವಮಾನವಿಡೀ ಊರ ಹೆಂಗಸರಿಗೆ ಅವಳು ಹೇಳುತ್ತ ಬಂದ ಮಾತು ಅದೇ.

ಸಮುದ್ರದಾಚೆ ಜಿದ್ದಾ ಬಂದರಿನಲ್ಲಿ ಅವಳ ಭಾಷೆಯೇ ತಿಳಿಯದ ಅಧಿಕಾರಿಯೊಬ್ಬ ಹುಮನಾಬಾದಿನ ಮೊಹರು ನೋಡಿ ದಾರಿ ಬಿಟ್ಟ. ಅವಳು ಗಂಡನ ಹೆಸರಿನಲ್ಲಿ ದುವಾ ಮಾಡಿದಳು. ಅದರ ಹಿಂದೆಯೇ ದುಬಲಗುಂಡಿಯ ಪಾಟೀಲರ ಮೊಣಕಾಲಿಗೂ ಒಂದು ಮಾಡಿದಳು.

ಕೇಳುವ ತಾಯಂದಿರೇ, ಅಣ್ಣಂದಿರೇ, ದೂರ ದೇಶಕ್ಕೆ ಹೊರಡುವ ಮುಂಚೆ ಲಸಿಕೆ ಹಾಕಿಸಿಕೊಳ್ಳಿ, ಸುಳ್ಳು ಚೀಟಿಯ ಹಾದಿ ಹಿಡಿಯಬೇಡಿ. ದೇಶಗಳು ಕೊಟ್ಟುಕೊಂಡ ಮಾತು ಉಳಿಯುವುದು ನಮ್ಮ ನಿಮ್ಮ ತೋಳಿನ ಮೇಲೆ. ಸೀಮೆಯಾಚೆ ನಿಮ್ಮ ದಾರಿ ಕಾಯುವ ತಾಯಿ ಒಬ್ಬಳಿರಬಹುದು. ಕೈ ಸಡಿಲ ಬಿಡಿ, ನೋಯುವುದಿಲ್ಲ.