ನಾಲ್ಕು ಬೆರಳು ನೀಲಿ

ಆ ‘ಕ್ಷ’ದ ಹೊಟ್ಟೆ ಉಬ್ಬಿದೆ, ಕೈಯಲ್ಲಿ ಬರೆದದ್ದಲ್ಲ, ಮಿಷನ್ನು ಉಗುಳಿದ್ದು, ಗೋಡೆಯ ಮೇಲೆ ‘ನಿರೀಕ್ಷಿಸಿ’ ಅಂತೆ, ಯಾರನ್ನು, ಎಲ್ಲಿಯತನಕ, ಕೈಯಲ್ಲಿ ಬರೆಯುವವನಾಗಿದ್ದರೆ ‘ಸ್ವಲ್ಪ ಕೂತಿರಿ’ ಎಂದು ಬರೆಯುತ್ತಿದ್ದ, ಓದಿದವರಿಗೆ ಅರ್ಧ ಕಾಯಿಲೆ ಅಲ್ಲೇ ಇಳಿಯುತ್ತಿತ್ತು — ಹಾಗೆಂದುಕೊಳ್ಳುತ್ತ ಬೋರ್ಡು ಬರೆಯುವವನು ದವಾಖಾನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಿದ್ದಾನೆ, ಮೂವತ್ತು ವರ್ಷದಿಂದ ಈ ಊರಿನ ಅಂಗಡಿ ಶಾಲೆಗಳಿಗೆಲ್ಲ ಹೆಸರು ಬರೆದ ಕೈ ಅದು, ಈಗ ತೊಡೆ ಎತ್ತಿದರೆ ಸಾಕು ನಡುಗುತ್ತದೆ, ದೊಡ್ಡದಾಗಿ ಏನಲ್ಲ, ಲೋಟದಲ್ಲಿ ಚಹಾದ ಕೆನೆ ನಡುಗುವಷ್ಟು, ಅಕ್ಷರ ಕೆಡಲು ಅಷ್ಟೇ ಸಾಕು, ಹೋದ ವಾರ ಶಾಲೆಯ ಗೋಡೆಯ ಮೇಲೆ ‘ಗ್ರಂಥಾಲಯ’ದ ‘ಗ’ಕ್ಕೆ ತಲೆಕಟ್ಟು ಎಳೆಯಲು ಹೋದರೆ ಎರೆಹುಳ ಹರಿದ ಹಾಗೆ ಬಂತು, ಟರ್ಪಂಟೈನ್ ಬಟ್ಟೆಯಲ್ಲಿ ಒರೆಸಿದ, ಮತ್ತೆ ಎಳೆದ, ಮತ್ತೆ ಎರೆಹುಳ, ಬಣ್ಣದ ಡಬ್ಬಿ ಹಿಡಿದು ಏಣಿಯ ಕೆಳಗೆ ನಿಂತಿದ್ದ ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು, ಮನೆಗೆ ಬಂದ ಮೇಲೆ ಅಂದಳು, ರೀ, ಎರಡು ತಿಂಗಳಲ್ಲಿ ಬೆಲ್ಟಿಗೆ ಮೂರು ತೂತು ಕೊರೆದಿದ್ದೀರಿ, ತಿನ್ನೋದು ಮಾತ್ರ ಇಬ್ಬರ ಪಾಲು, ನಿಮ್ಮ ಎದೆ ಹೊಡ್ಕೊಳ್ಳೋದು ಪಕ್ಕದಲ್ಲಿ ಮಲಗಿದ ನನಗೇ ಕೇಳ್ಸುತ್ತೆ, ಡಾಕ್ಟರ ಹತ್ರ ಹೋಗದಿದ್ರೆ ಬ್ರಷ್ಷೆಲ್ಲ ಒಲೆಗೆ ಹಾಕ್ತೀನಿ — ಬ್ರಷ್ಷನ್ನು ಒಲೆಗೆ ಹಾಕುವವಳಲ್ಲ, ಅವನಿಗಿಂತ ಚೆನ್ನಾಗಿ ತೊಳೆದಿಡುವವಳು, ಆದರೂ ಅವಳ ದನಿ ಕೇಳಿ ಅವನು ಪೆಟ್ಟಿಗೆಯ ತಳದಿಂದ ಸರ್ಕಾರಿ ವಿಮೆಯ ಕಾರ್ಡು ತೆಗೆದ, ಅದರ ಫೋಟೋದಲ್ಲಿ ಅವನು ಯಾರ ಮೇಲೋ ಸಿಟ್ಟಾಗಿದ್ದಾನೆ, ಫೋಟೋ ತೆಗೆದವನ ಮೇಲೆಯೇ ಇರಬೇಕು.

ಕೊಯ್ಯುವ ಡಾಕ್ಟರು ಬೇಡ, ಮೂಳೆಯವನು ಬೇಡ, ಮೈಯೊಳಗೆ ಎಲ್ಲಿ ಏನು ತಪ್ಪಿದೆ ಎಂದು ಹೇಳುವ ಫಿಸಿಷಿಯನ್ ಬೇಕು, ಹತ್ತಿರದಲ್ಲಿರಬೇಕು, ಕಾರ್ಡು ತಗೊಳ್ಳಬೇಕು, ಹೆಂಡತಿ ನಾಲ್ಕು ಜನರನ್ನು ಕೇಳಿ ಹೋಗಿ ಅಂದಳು, ಅವನು ಉರಿದುಬಿದ್ದ, ನಾನೇ ಬರೆದ ಊರಲ್ಲಿ ನಾನು ದಾರಿ ಕೇಳ್ಬೇಕಾ, ಕಾರ್ಡು ತಗೊಳ್ಳೋರು ಬೋರ್ಡಿನ ಕೊನೆ ಸಾಲಲ್ಲಿ ಬರೆಸಿರ್ತಾರೆ, ನೋಡಿದ್ರೆ ಆಯ್ತು — ಹಾಗೆ ಬೆಳಿಗ್ಗೆಯಿಂದ ಕತ್ತೆತ್ತಿಕೊಂಡು ನಡೆದಿದ್ದಾನೆ, ಮನೆಯ ಹಿಂದಿನ ಬೀದಿಯಲ್ಲೇ ಛತ್ರಿ ರಿಪೇರಿ ಅಂಗಡಿಯ ಮಹಡಿಯ ಮೇಲೆ ಅವನೇ ಬರೆದ ಒಂದು ಬೋರ್ಡು ಸಿಕ್ಕಿತು, ನೀಲಿಯ ಮೇಲೆ ಬಿಳಿ, ‘ಆಂತರಿಕ ರೋಗಗಳ ತಜ್ಞೆ’, ಅದರ ‘ಜ್ಞೆ’ ನೋಡಬೇಕು, ಒತ್ತಿನ ಬಾಲ ನವಿಲಿನದು, ಎರಡು ನಿಮಿಷ ನಿಂತು ಕಣ್ಣು ತುಂಬ ನೋಡಿದ, ಬಾಲದ ಕೆಳಗೆ ಏನೂ ಬರೆದಿಲ್ಲ, ಅಂಚಿನತನಕ ಬರೀ ಬಣ್ಣ, ನಾಲ್ಕು ಬೆರಳು ನೀಲಿ, ಕಾರ್ಡಿನ ಮಾತಿಲ್ಲ, ಪಾಪ ತಗೊಳ್ಳಲ್ಲ ಅಂತ ಮುಂದೆ ಬಂದ, ಈಗ ಇಲ್ಲಿ, ಈ ದವಾಖಾನೆಯ ಹೊರಗಿನ ಫ್ಲೆಕ್ಸಿನ ಕೊನೆಯ ಸಾಲಿನಲ್ಲಿ ಕಾರ್ಡು ಸ್ವೀಕರಿಸಲಾಗುವುದು ಎಂದು ಕೆಂಪಗೆ ಇದೆ, ಅವನ ಮುಂದೆ ಹಸಿರು ಸ್ವೆಟರಿನ ಅಜ್ಜಿಯೊಬ್ಬರು ಅಂಥದೇ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದು ನಿಂತಿದ್ದಾರೆ, ಕೌಂಟರಿನ ಹುಡುಗಿ ತಲೆಯೆತ್ತದೆ ಅಂದಳು, ಈ ಕಾರ್ಡ್ ಈಗ ನಡಿಯಲ್ಲ, ನಿಲ್ಲಿಸಿ ಮೂರು ತಿಂಗಳಾಯ್ತು, ಅಜ್ಜಿ ಆಯ್ತಮ್ಮ ಎಂದು ಚೀಲ ಮಡಚಿಕೊಂಡು ಹೊರಟರು, ಅವನು ಹಾಗೆ ಹೊರಡುವವನಲ್ಲ, ನಡಿಯದಿದ್ರೆ ಹೊರಗೆ ಯಾಕಮ್ಮ ನೇತಾಕಿದ್ದೀರಿ ಅಂದ, ಅದು ಹಳೇ ಬೋರ್ಡು ಸರ್, ಹಳೇದಾದ್ರೆ ಅಳಿಸ್ಬೇಕು, ಫ್ಲೆಕ್ಸು ಅಳಿಸೋಕಾಗಲ್ಲ ಸರ್, ಅದಕ್ಕೇ ಹೇಳಿದ್ದು ಕೈಯಲ್ಲಿ ಬರೆಸ್ಕೊಳ್ಳಿ ಅಂತ — ಯಾರಿಗೆ ಹೇಳಿದ್ದ, ಯಾವಾಗ ಹೇಳಿದ್ದ, ಯಾರಿಗೂ ಇಲ್ಲ, ಆದರೆ ಹೇಳಿ ಹಗುರಾದ, ಸಿಟ್ಟಿನಲ್ಲಿ ಬೆರಳು ಇನ್ನಷ್ಟು ಕುಣಿದವು, ಕಾರ್ಡು ಮತ್ತೆ ಅಂಗಿಯ ಜೇಬಿನೊಳಗೆ ಹೋಯಿತು.

ಇನ್ನೆರಡು ಕಡೆ, ಒಬ್ಬ ಡಾಕ್ಟರು ಮಂಗಳವಾರ ಮಾತ್ರ, ಇನ್ನೊಬ್ಬರು ಊರಲ್ಲೇ ಇಲ್ಲ, ಬಿಸಿಲು ನೆತ್ತಿಗೇರಿತು, ಕೊನೆಯ ಸಾಲು, ಕೊನೆಯ ಸಾಲು, ಓದಿ ಓದಿ ಕತ್ತು ಹಿಡಿದುಕೊಂಡಿದೆ, ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಸ್ಲೇಟು ಎತ್ತಿ ಹಿಡಿದು ತೋರಿಸಿದ್ದು ನೆನಪಾಯಿತು, ನೋಡ್ರೋ, ಇವನ ಮೊದಲ ಅಕ್ಷರ ಆನೆ, ಕೊನೆ ಅಕ್ಷರಕ್ಕೆ ಸ್ಲೇಟೇ ಇಲ್ಲ, ಇಡೀ ಕ್ಲಾಸು ನಕ್ಕಿತ್ತು, ಅವನೂ ನಕ್ಕಿದ್ದ, ಆನೆ ಚೆನ್ನಾಗಿತ್ತಲ್ಲ — ತಲೆನೋವಿನ ಮಾತ್ರೆ ಕೇಳಲು ಔಷಧಿ ಅಂಗಡಿಗೆ ಹೋದ, ಅಂಗಡಿಯವನು ಅವನ ಕೈ ನೋಡಿ ಮಾತ್ರೆ ಕೊಡಲಿಲ್ಲ, ಮೊದಲು ಡಾಕ್ಟರಿಗೆ ತೋರಿಸಣ್ಣ ಅಂದ, ಹುಡುಕ್ತಾ ಇದ್ದೀನಯ್ಯ ಬೆಳಿಗ್ಗೆಯಿಂದ, ಕಾರ್ಡು ತಗೊಳ್ಳೋ ಒಬ್ಬರಿಲ್ಲ ಈ ದರಿದ್ರ ಊರಲ್ಲಿ, ಯಾಕಿಲ್ಲ ಅಂದ ಅಂಗಡಿಯವನು, ಛತ್ರಿ ಅಂಗಡಿ ಮೇಲಿನ ಡಾಕ್ಟರಮ್ಮ ಮೊದಲಿಂದಲೂ ತಗೋತಾರೆ, ಇಲ್ಲ, ಅವರು ತಗೊಳ್ಳಲ್ಲ, ಬೋರ್ಡಲ್ಲಿಲ್ಲ, ಅಂಗಡಿಯವನು ನಕ್ಕ, ಅದೇ ಅಣ್ಣ ಅವರ ಗೋಳು, ಯಾವನೋ ಪೆದ್ದ ಪೇಂಟರು ಆ ಸಾಲೇ ಬಿಟ್ಟುಬಿಟ್ಟಿದ್ದಾನೆ, ಅಲ್ಲಿ ಜನವೇ ಹೋಗಲ್ಲ, ಯಾವನು ಪೆದ್ದ ಎಂದು ಅವನು ಕೌಂಟರಿನ ಮೇಲೆ ಮುಷ್ಟಿ ಕುಟ್ಟಿದ, ಕುಟ್ಟಿದ ಮುಷ್ಟಿ ಅಲ್ಲೇ ಉಳಿಯಿತು — ನಾಲ್ಕು ಬೆರಳು ನೀಲಿ — ಎರಡು ವರ್ಷದ ಹಿಂದೆ ಏಣಿಯ ಕೆಳಗೆ ಒಂದು ಸಣ್ಣ ದನಿ, ಕೊನೆಯ ಸಾಲೊಂದು ಉಳೀತಲ್ಲ, ಅವನು ಮೇಲಿಂದ, ಜಾಗ ಇಲ್ಲ ಡಾಕ್ಟರಮ್ಮ, ಆಕೆ, ಸಣ್ಣದಾಗಿ ಬರೆದ್ರೆ, ಅವನು, ಇರುವೆ ಸಾಲು ಬರೆಯೋನಲ್ಲ ನಾನು, ಕೊನೆ ಸಾಲು ಯಾರೂ ಓದಲ್ಲ ಬಿಡಿ, ಜ್ಞೆ ನೋಡಿ ಎಷ್ಟು ಚೆನ್ನಾಗಿ ಬಂದಿದೆ.

ಮೆಟ್ಟಿಲು ಹದಿನಾರು, ಎದೆ ಹದಿನಾರು ಸಲಕ್ಕಿಂತ ಹೆಚ್ಚು ಹೊಡೆದುಕೊಂಡಿತು, ಗುರುತು ಹಿಡಿಯದಿದ್ದರೆ ಸಾಕು ಎಂದುಕೊಂಡ, ಕಾಯುವ ಕೋಣೆಯಲ್ಲಿ ಆರು ಕುರ್ಚಿ, ಆರೂ ಖಾಲಿ, ಖಾಲಿ ಕುರ್ಚಿಗಳೆಲ್ಲ ಅವನನ್ನೇ ನೋಡಿದವು, ಡಾಕ್ಟರಮ್ಮ ಕಾರ್ಡು ತಗೊಂಡು ಬರೆದುಕೊಂಡರು, ಅಷ್ಟು ಸಲೀಸಾಗಿ, ಕೈ ಮುಂದೆ ಚಾಚಿ ಎಂದು ಬೆರಳ ಮೇಲೆ ಒಂದು ಹಾಳೆ ಇಟ್ಟರು, ಹಾಳೆ ಫ್ಯಾನಿಲ್ಲದೆ ಪಟಪಟಿಸಿತು, ನೀರು ಕುಡಿಸಿ ಕತ್ತು ಮುಟ್ಟಿ ನೋಡಿದರು, ನಾಡಿ ಎಣಿಸಿದರು, ಸಿಟ್ಟು ಜಾಸ್ತಿ ಬರ್ತಾ ಇದೆಯಾ, ನಮ್ಮನೆಯವಳನ್ನ ಕೇಳಿದ್ರೆ ಹುಟ್ಟಿದಾಗಿಂದ ಅಂತಾಳೆ, ಆಕೆ ನಕ್ಕರು, ಅದಕ್ಕೆ ಮಾತ್ರೆ ಇಲ್ಲ, ಉಳಿದದ್ದಕ್ಕೆ ಇದೆ, ಕತ್ತಿನ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಜೋರಾಗಿ ಓಡ್ತಾ ಇರೋ ಹಾಗಿದೆ, ರಕ್ತ ನೋಡಿ ಖಚಿತ ಮಾಡ್ಕೊಳ್ಳೋಣ, ಪರೀಕ್ಷೆ ಕಾರ್ಡಿನಲ್ಲೇ ಬರುತ್ತೆ — ಇವೆಲ್ಲ ಅವನಿಗೆ ದೂರದಿಂದ ಕೇಳಿದವು, ಅವನಿಗೆ ಬೇಕಾದ ಪ್ರಶ್ನೆ ಒಂದೇ, ಅದನ್ನೇ ಕೇಳಿದ, ಗೆರೆ ಎಳೆಯಕ್ಕಾಗುತ್ತಾ ಡಾಕ್ಟರಮ್ಮ, ನಾನಂದುಕೊಂಡದ್ದೇ ಆದ್ರೆ ಆಗುತ್ತೆ ಅಂದರು, ಆಮೇಲೆ ಕನ್ನಡಕ ತೆಗೆದು ಅವನ ಮುಖ ನೋಡಿದರು, ನನ್ನ ಬೋರ್ಡು ಬರೆದವರು ನೀವೇ ಅಲ್ವಾ, ಕೊನೆ ಸಾಲು ಯಾರೂ ಓದಲ್ಲ ಅಂದಿದ್ರಿ, ಅವನು ಹಾಳೆಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟ, ಇಟ್ಟ ಹಾಳೆಯನ್ನೇ ನೋಡುತ್ತ ಅಂದ, ಬೆಳಿಗ್ಗೆಯಿಂದ ನಾನು ಓದಿದ್ದೇ ಅದು ಡಾಕ್ಟರಮ್ಮ, ಬೇರೆ ಏನೂ ಓದಿಲ್ಲ.

ಅವಸರ ಇಲ್ಲ, ಕೈ ನಡುಕ ನಿಂತ ದಿನ ಬಂದು ಆ ಸಾಲು ಬರೀರಿ, ಸಾಲು ನೆಟ್ಟಗೆ ಬಂದ್ರೆ ನನ್ನ ಮಾತ್ರೆ ಕೆಲಸ ಮಾಡಿತು ಅಂತ, ಹಾಗೆಂದು ಕಳಿಸಿದರು, ಕೈ ನಿಂತ ದಿನ, ಅಲ್ಲಿಯತನಕ ಊರ ಜನ ನನ್ನ ಹಾಗೆ ಕತ್ತೆತ್ತಿಕೊಂಡು ತಿರುಗಬೇಕಾ, ಮೆಟ್ಟಿಲಿಳಿಯುವಾಗಲೇ ಸಿಟ್ಟು ಬಂತು, ಈ ಸಲ ಸಿಟ್ಟು ಹಾಯಾಗಿತ್ತು, ಹೆಂಡತಿಗೆ ಹೇಳಬೇಕು, ಅವಳು ಹಿಂದಿನ ಬೀದೀಲೇ ಇತ್ತಾ ಅಂತ ನಗುತ್ತಾಳೆ, ವರ್ಷಗಟ್ಟಲೆ ನಗುತ್ತಾಳೆ, ನಗಲಿ — ಕೆಳಗೆ ಬೀದಿಯಲ್ಲಿ ಹಸಿರು ಸ್ವೆಟರು, ಅದೇ ಅಜ್ಜಿ, ಬೋರ್ಡಿನ ಕೆಳಗೆ ನಿಂತು ತುಟಿ ಅಲ್ಲಾಡಿಸುತ್ತ ಮೇಲಿಂದ ಕೆಳಗೆ ಓದುತ್ತಿದ್ದಾರೆ, ಕೊನೆಯತನಕ ಓದಿ, ಚೀಲ ಮಡಚಿಕೊಂಡು ಹೆಜ್ಜೆ ಮುಂದಿಟ್ಟರು, ಅಜ್ಜೀ, ನಿಲ್ಲಿ, ಮೇಲೆ ಹೋಗಿ, ಕಾರ್ಡು ತಗೋತಾರೆ, ಅಜ್ಜಿ ತಿರುಗಿ ಬೋರ್ಡು ತೋರಿಸಿದರು, ಇದರಲ್ಲಿ ಬರೆದಿಲ್ವಲ್ಲಪ್ಪ, ಬರೆದಿಲ್ಲ ಅಜ್ಜೀ, ಬರೀತೀನಿ, ಈಗ ನನ್ನ ಮಾತು ನಂಬಿ ಹತ್ತಿ — ಅಜ್ಜಿ ಹತ್ತಿದರು, ಒಂದೊಂದೇ ಮೆಟ್ಟಿಲು, ಮೇಲೆ ಒಂದು ಕುರ್ಚಿ ಎಳೆದ ಸದ್ದು, ಅವನು ಬೀದಿಯ ಆಚೆ ಬದಿಗೆ ಹೋಗಿ ನಿಂತು ತಲೆಯೆತ್ತಿದ, ಚಿಕ್ಕ ಬ್ರಷ್ಷು ಬೇಕು, ಎಲ್ಲಕ್ಕಿಂತ ಚಿಕ್ಕದು, ಇರುವೆ ಸಾಲೇ ಆಗಲಿ, ಗೆರೆ ನೆಟ್ಟಗಿರಲು ಚಾಕ್ ಹಚ್ಚಿದ ದಾರದ ಒಂದು ತುದಿ ಹೆಂಡತಿ ಹಿಡಿಯಲಿ, ಬಲಗೈ ಊರಲು ಎಡಗೈಯಲ್ಲಿ ಕೋಲು, ಉಸಿರು ಬಿಗಿಹಿಡಿದು, ಮೊದಲು ‘ಸರ್ಕಾರಿ’ಯ ‘ಸ’, ಬಲಗೈ ತಾನಾಗಿ ಮೇಲಕ್ಕೆದ್ದು ಗಾಳಿಯಲ್ಲಿ ಒಂದು ತಲೆಕಟ್ಟು ಎಳೆಯಿತು, ನಡುಗಿತು, ಮತ್ತೆ ಎಳೆಯಿತು, ಆ ನವಿಲಿನ ಬಾಲದ ಕೆಳಗೆ, ಬಿಸಿಲಿಗೆ ಹೊಳೆಯುತ್ತ, ನಾಲ್ಕು ಬೆರಳು ನೀಲಿ —