ಪೆಟ್ರೋಲ್ ಬಂಕಿನವನ ಮಗಳು

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೂಗು ಇರುವುದು ಸೀನುವುದಕ್ಕೆ ಮಾತ್ರ. ಸುಗ್ಗಿಯಲ್ಲಿ ಮೆಣಸಿನಕಾಯಿ ಪೇಟೆಯ ಕಡೆಯಿಂದ ಗಾಳಿ ಬೀಸಿತೆಂದರೆ ಮಲ್ಲಿಗೆ ಯಾವುದು, ಮೋರಿ ಯಾವುದು ಎಂದು ಹೇಳುವವರು ಈ ಊರಿನಲ್ಲಿಲ್ಲ. ಅಂಥ ಊರಿನಲ್ಲಿ ನಮ್ಮ ಪಕ್ಕದ ಮನೆಯ ಸರಸ್ವತೀಬಾಯಿಯವರಿಗೆ ಮಾತ್ರ ಸೊಸೆಯ ಮೈಯಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು. ಬರಲಿ ಬಿಡಿ, ದೊಡ್ಡವರ ಮೂಗು.

ಸೊಸೆ ನಿರ್ಮಲಾ ಕರ್ಜಗಿಯವಳು. ಅವಳ ಅಪ್ಪ ಬೀರಲಿಂಗಪ್ಪ ಹಾವೇರಿ ರಸ್ತೆಯ ಬಂಕಿನಲ್ಲಿ ಗಾಡಿಗಳಿಗೆ ಪೆಟ್ರೋಲ್ ಹಾಕುತ್ತಾನೆ. ಸರಸ್ವತೀಬಾಯಿಯವರ ಒಬ್ಬನೇ ಮಗ ತೇಜಸ ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಹಾವೇರಿಯಲ್ಲಿ ಓದುವಾಗ ಇವಳನ್ನು ಮೆಚ್ಚಿ, ಹಟ ಹಿಡಿದು ಮದುವೆಯಾದ. ಜಾತಿ ಬೇರೆ. "ಈಗಿನ ಕಾಲದಾಗ ಅದನ್ನೆಲ್ಲಾ ಯಾರು ನೋಡ್ತಾರ್ರಿ" ಎಂದು ನಾಲ್ಕು ಮಂದಿಯ ಎದುರು ನಗುನಗುತ್ತ ಹೇಳಿದವರು ಸರಸ್ವತೀಬಾಯಿಯವರೇ. ಹಾಗೆ ಹೇಳಿಬಿಟ್ಟ ಮೇಲೆ ಸೊಸೆಯನ್ನು ಬೈಯಲು ಬೇರೆ ಮಾತು ಬೇಕಲ್ಲ? ದಸರೆಗೆ ಮಗ ಹೊಸ ಕಾರು ತಂದ, ಮಾತು ಸಿಕ್ಕಿತು.

ಆ ಕಾರಿನಲ್ಲಿ ನಾವು ಮೊದಲ ಸಲ ಗಳಗನಾಥಕ್ಕೆ ಹೋದೆವು. ತಾಯಿ ಮಗ ಮುಂದೆ, ನಾನು ನಿರ್ಮಲಾ ಹಿಂದೆ. ಅರ್ಧ ದಾರಿಯಲ್ಲಿ ಪೆಟ್ರೋಲ್ ವಾಸನೆ ಗಮ್ಮೆಂದು ಹೊಡೆಯಿತು. ನನಗೂ ಬಂತು, ಸುಳ್ಳು ಹೇಳುವುದಿಲ್ಲ. ಬಂದದ್ದು ಸೀಟಿನ ಅಡಿಯಿಂದ. ಸರಸ್ವತೀಬಾಯಿಯವರು ಸೆರಗನ್ನು ಮೂಗಿಗೆ ಹಿಡಿದು ಹಿಂದೆ ತಿರುಗಿದರು.

"ನಿರ್ಮಲಾ, ನಿನ್ನೆ ನಿಮ್ಮಪ್ಪ ಬಂದು ಹೋದನಲ್ಲ, ಈ ಸೀರಿ ಒಗೀಲಿಲ್ಲೇನು?"

"ಒಗದೇನ್ರಿ ಅತ್ತಿ."

"ಮತ್ತ ಬಂಕಿನ ವಾಸನಿ ಎಲ್ಲಿಂದ ಬರ್ಲಿಕ್ಕತ್ತದ? ಹುಟ್ಟಿದ ಮನಿ ವಾಸನಿ ಒಂದು ನೀರಿಗೆ ಹೋಗೂದಿಲ್ಲ ಬಿಡು."

"ಬಾಯಾರ, ಅದು ಗಾಡೀದು" ಎಂದೆ ನಾನು. ತಾಯಿಗಿಂತ ಮೊದಲು ಮಗ ಸಿಡಿದ. "ಹೊಸಾ ಗಾಡಿ ಅದ ಮೀನಾಕ್ಷಕ್ಕ! ಏನೂ ಆಗಿಲ್ಲ." ಅವನ ಸಿಟ್ಟಿಗೆ ಕಾರಣವಿತ್ತು. "ಈ ಗಾಡಿ ಬ್ಯಾಡೋ" ಎಂದು ಅವನ ಸೋದರಮಾವ ರಮೇಶರಾಯರು ಬಡಕೊಂಡಿದ್ದರು. ಮಾವನ ಎದುರು ಎದೆ ಸೆಟೆಸಿ ಇದನ್ನೇ ತಂದಿದ್ದ.

ಅಲ್ಲಿಂದ ಶುರುವಾಯಿತು ಆ ಹುಡುಗಿಯ ಪಾಡು. ಬೆಳಿಗ್ಗೆ ಒಂದು ಸ್ನಾನ, ಸಂಜೆ ಒಂದು ಸ್ನಾನ, ಕಡಲೆಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ಮೊಣಕೈ ಕೆಂಪಾದವು. ಅವಳ ಸೀರೆಗಳಿಗೆ ಹಿತ್ತಲಲ್ಲಿ ಬೇರೆ ಹಗ್ಗ. ಕಾರಿನಲ್ಲಿ ಹತ್ತುವ ಹಾಗಿಲ್ಲ, ಮದುವೆ ಮುಂಜಿಗೆ ಮನೆಯವರೆಲ್ಲ ಕಾರಿನಲ್ಲಿ, ಅವಳು ಹಿಂದಿನಿಂದ ಬಸ್ಸಿನಲ್ಲಿ. ಆಮೇಲಾಮೇಲೆ ಸರಸ್ವತೀಬಾಯಿಯವರಿಗೆ ಅಡಿಗೆಮನೆಯಲ್ಲೂ ವಾಸನೆ, ಅವಳು ಮಾಡಿದ ಹುಳಿಯಲ್ಲೂ ವಾಸನೆ! ಕಾಮಾಲೆ ಕಣ್ಣಿಗೆ ಹಳದಿ ಅಂತಾರೆ, ಮೂಗಿಗೂ ಕಾಮಾಲೆ ಬರುತ್ತದೆಂದು ನನಗೆ ಆಗ ತಿಳಿಯಿತು.

"ನಾ ಇಲ್ಲದಾಗೂ ಗಾಡ್ಯಾಗ ವಾಸನಿ ಇರ್ತೈತಲ್ರಿ, ಒಮ್ಮೆ ತೋರಿಸಿಕೊಂಡು ಬರ್ರಿ" ಎಂದು ಗಂಡನಿಗೆ ಎಷ್ಟೋ ಸಲ ಕೈಮುಗಿದಳು. ಅವನು ಕೇಳಿದ್ದರೆ ತಾನೇ.

ಸಂಕ್ರಮಣಕ್ಕೆ "ನಾಲ್ಕು ದಿನ ತವರಿಗೆ ಹೋಗಿ ಬಾ" ಎಂದರು ಅತ್ತೆ. ಅವತ್ತೊಂದು ದಿನ ಮಾತ್ರ ತೇಜಸ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು, ಗಾಜು ಇಳಿಸಿ, ಕರ್ಜಗಿಗೆ ಬಿಟ್ಟು ಬಂದ. ನಾಲ್ಕು ದಿನ ಹೋಗಿ ಶಿವರಾತ್ರಿ ಬಂತು. ಕರೆಯಲು ಯಾರೂ ಹೋಗಲಿಲ್ಲ. ಫೋನ್ ಮಾಡಿದರೆ "ಪರೀಕ್ಷೆ ಅವ, ಮುಂದಿನ ವಾರ ಬರ್ತೀನಿ" ಅನ್ನುತ್ತಿದ್ದ.

ಒಂದು ದಿನ ಸರಸ್ವತೀಬಾಯಿಯವರು ನನ್ನನ್ನು ಕಾರಿನಲ್ಲಿ ಹಾವೇರಿಗೆ ಕರೆದುಕೊಂಡು ಹೋದರು. ಖರೆ, ಪೆಟ್ರೋಲ್ ವಾಸನೆ ಹೆಸರಿಗೂ ಇರಲಿಲ್ಲ. "ನೋಡಿದೇನವಾ ಮೀನಾಕ್ಷಿ? ಆಕಿ ಹೋದ್ಲು, ಗಾಡಿ ಸ್ವಚ್ಛ ಆತು" ಎಂದರು. ನಾನು ದಂಗಾದೆ. ತೇಜಸ ಕಿವಿ ಕೆಂಪಗೆ ಮಾಡಿಕೊಂಡು ಗಾಡಿ ಹೊಡೆಯುತ್ತಿದ್ದ.

ಅದಾದ ಮರುದಿನ ಮಧ್ಯಾಹ್ನ ನಿರ್ಮಲಾಳ ಫೋನು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ.

"ಅಕ್ಕಾರ, ವಾಸನಿ ನಂದಲ್ರಿ! ರಾಣೆಬೆನ್ನೂರ ಶೋರೂಮಿನವ್ರು ಫೋನ್ ಮಾಡಿದ್ರು!"

ಆದದ್ದು ಇಷ್ಟು. ಗಂಡ ಫೋನ್ ಎತ್ತಿಲ್ಲವೆಂದು, ಕಾರು ಕೊಳ್ಳುವಾಗ ಕೊಟ್ಟಿದ್ದ ಎರಡನೆಯ ನಂಬರಿಗೆ, ಅಂದರೆ ಇವಳಿಗೆ, ಶೋರೂಮಿನ ಹುಡುಗಿ ಕರೆ ಮಾಡಿದ್ದಾಳೆ. ಆ ಮಾದರಿಯ ಕಾರುಗಳಲ್ಲಿ ಪೆಟ್ರೋಲ್ ಪೈಪು ಸೋರುತ್ತಿತ್ತು, ಕಂಪನಿಯವರೇ ಎಲ್ಲ ಗಾಡಿಗಳನ್ನು ವಾಪಸ್ ಕರೆಸಿ ಪುಕ್ಕಟೆ ಹೊಸ ಪೈಪು ಹಾಕಿಕೊಡುತ್ತಿದ್ದಾರೆ. "ನಿಮ್ಮದೂ ಹೋದ ವಾರ ಆಯಿತು ಮೇಡಂ, ಈಗ ವಾಸನೆ ನಿಂತಿದೆಯಾ? ಬೆಂಕಿ ಹತ್ತುವ ಅಪಾಯ ಇತ್ತು. ಸಂಕ್ರಮಣಕ್ಕೆ ಮೊದಲೇ ಸರ್‌ಗೆ ಫೋನ್ ಮಾಡಿ, ಗಾಡಿ ಓಡಿಸಬೇಡಿ ಅಂತ ತಿಳಿಸಿದ್ದೆವು. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?"

"ಹತ್ತಕ್ಕ ಹತ್ತು ಕೊಟ್ಟೆ ಅಕ್ಕಾರ! ನಾಳೆ ಬರ್ತೇವಿ. ಅತ್ತಿಯವ್ರಿಗೆ ಹೇಳಿಬಿಟ್ರ ಸಾಕು, ನಾ ನಮ್ಮನ್ಯಾಗ ಇರ್ತೇನಿ."

ಹುಚ್ಚು ಹುಡುಗಿ. ಬೆಂಕಿ ಹತ್ತಬಹುದೆಂದು ಗೊತ್ತಿದ್ದೂ ಅದೇ ಗಾಡಿಯಲ್ಲಿ ತನ್ನನ್ನು ತವರಿಗೆ ಬಿಟ್ಟು ಬಂದವನ ಮೇಲೆ ಅವಳಿಗೆ ಸಿಟ್ಟಿಲ್ಲ. ವಾಸನೆ ತನ್ನದಲ್ಲ ಎಂದು ಒಬ್ಬರು ಒಪ್ಪಿ ಒಳಗೆ ಕರೆದುಕೊಂಡರೆ ಸಾಕಂತೆ. ಕಂಪನಿಯವರು ಕೆಟ್ಟ ಗಾಡಿಯನ್ನು ವಾಪಸ್ ಕರೆಸಿದರು, ಏನೂ ಕೆಡದ ಸೊಸೆಯನ್ನು ಕರೆಸುವವರಿಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಮರುದಿನ ಅಪ್ಪ ಮಗಳು ಬಸ್ಸಿಳಿದು ಬಂದರು. ಬೀರಲಿಂಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಗಂಧದ ಸಾಬೂನಿನ ವಾಸನೆ ದೂರದಿಂದಲೇ ಬರುತ್ತಿತ್ತು. "ಬರ್ರಿ" ಎಂದು ಯಾರೂ ಅನ್ನಲಿಲ್ಲವಾದ್ದರಿಂದ ಗೇಟಿನ ಹೊರಗೇ ನಿಂತ. ಯಾರೂ ಕರೆಯದಿದ್ದರೂ ನಾನು ನಿರ್ಮಲಾಳ ಹಿಂದೆ ಒಳಗೆ ಹೋದೆ. ಪಡಸಾಲೆಯಲ್ಲಿ ರಮೇಶರಾಯರು ಚಹಾ ಕುಡಿಯುತ್ತಿದ್ದರು. ಅವರ ಎದುರು ತೇಜಸ ಮೊಬೈಲು ನೋಡುತ್ತ ಕೂತಿದ್ದ.

ನಿರ್ಮಲಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಪೈಪು ಸೋರ್ತಿತ್ತಂತ್ರಿ ಅತ್ತಿ. ಬೇಕಾದ್ರ ಇವರನ್ನ ಕೇಳ್ರಿ."

ಸರಸ್ವತೀಬಾಯಿಯವರ ಮುಖ ಒಂದು ಗಳಿಗೆ ಸಪ್ಪಗಾಯಿತು, ನಾನೇ ನೋಡಿದೆ. "ಏನೋ ತೇಜಸ, ಇಕಿ ಹೇಳೂದು ಖರೇ ಏನು?"

"ಪೈಪು ಸೋರ್ತಿತ್ತಾ? ನಾ ಅಂದಿದ್ನಲ್ಲೋ ಆ ಗಾಡಿ ಬ್ಯಾಡಂತ!" ಎಂದು ರಮೇಶರಾಯರು ಬಸಿಯನ್ನು ಕೆಳಗಿಟ್ಟರು.

ತೇಜಸ ಮಾವನ ಮುಖ ನೋಡಿದ. "ಯಾವ ಪೈಪು? ಸರ್ವಿಸ್ ಮಾಡ್ಸೀನಿ, ಅಷ್ಟೇ" ಎಂದ.

"ನಿನ್ನ ಬಾಯಾಗ ಹುಳಾ ಬೀಳ್ಲಿ!" ಎಂದು ನಾನು ಕೂಗಿದೆ. ಕಲಿತವನಂತೆ, ನೂರು ಮಕ್ಕಳಿಗೆ ಪಾಠ ಹೇಳುವವನಂತೆ! "ನಮ್ಮ ಮನಿ ಮಾತು ನಮಗ ಬಿಡು ಮೀನಾಕ್ಷಿ" ಎಂದು ಸರಸ್ವತೀಬಾಯಿಯವರು ನನ್ನ ಬಾಯಿ ಮುಚ್ಚಿಸಿದರು. ಅವರ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ನಿರ್ಮಲಾ ಗಂಡನ ಕಡೆ ನೋಡಿಯೇ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು, "ಆತ್ರಿ ಅತ್ತಿ, ಗಾಡಿ ಮಾತು ಬ್ಯಾಡ. ನನ್ನ ಈಗ ಮೂಸಿ ನೋಡ್ರಿ. ವಾಸನಿ ಇದ್ರ ಹೋಗ್ತೇನಿ" ಎಂದು ಕೈ ಚಾಚಿದಳು.

"ನನ್ನ ಮೂಗು ಸುಳ್ಳು ಅಂತೀಯಲ್ಲ. ನಿನ್ನ ಗಂಡನೇ ಹೇಳ್ಲಿ. ಅವ ಇಲ್ಲ ಅಂದ್ರ ಇವತ್ತಿಂದ ಇಲ್ಲೇ ಇರು."

ಆ ಹುಡುಗಿಯ ಮುಖ ಅರಳಿತಲ್ಲ, ಅದನ್ನು ನಾನು ನೋಡಬಾರದಿತ್ತು. ಚಾಚಿದ ಕೈಯನ್ನು ಗಂಡನ ಕಡೆ ತಿರುಗಿಸಿದಳು. ತಿಕ್ಕಿ ಕೆಂಪಾದ ಕಲೆಗಳು ಮೊಣಕೈ ಮೇಲೆ ಇನ್ನೂ ಇದ್ದವು. ತೇಜಸ ಎದ್ದು ಬಂದ. ಪೇಟೆಯ ದಲಾಲಿ ಮೆಣಸಿನಕಾಯಿ ಮೂಸುವಂತೆ ಬಗ್ಗಿ, ಅವಳ ಮುಂಗೈ ಮೂಸಿದ. ತಾಯಿಯನ್ನು ನೋಡಿದ, ಮಾವನನ್ನು ನೋಡಿದ.

"ಹೂಂ" ಎಂದ. "ಸ್ವಲ್ಪ ಅದ."

ನಿರ್ಮಲಾ ಕೈ ಹಿಂದಕ್ಕೆ ತೆಗೆದುಕೊಂಡು, ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿದಳು. ಗೇಟಿನ ಹೊರಗೆ ಬೀರಲಿಂಗಪ್ಪ ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು, ಮೊದಲು ಒಂದು ಕೈ, ಆಮೇಲೆ ಇನ್ನೊಂದು, ಮೂಸಿ ಮೂಸಿ ನೋಡಿಕೊಳ್ಳುತ್ತಿದ್ದ.

"ಮೂಸಬ್ಯಾಡಪ್ಪ" ಎಂದಳು ಅವಳು. "ನಡಿ."